ಹನ್ನೊಂದನೆಯ ಬೆರಳು

ಮನುಷ್ಯನ ಹತ್ತು ಬೆರಳುಗಳಲ್ಲಿ ಒಂದು ಮಾತ್ರ ನಿಜ ಹೇಳಿ, ಉಳಿದ ಒಂಬತ್ತೂ ಸುಳ್ಳು ಹೇಳುವಂತಾದರೆ? ಶಾಂಭವಿ ಹೊಳೆಪ್ಪಗೋಳಳ ತಲೆಗೆ ಈ ಪ್ರಶ್ನೆ ಹೊಕ್ಕದ್ದು ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತವರು ನಕ್ಕು ಹೋಳಿಗೆಗೆ ಕೈ ಹಾಕಿದರು. ಶಾಂಭವಿ ಮಾತ್ರ ಊಟ ಬಿಟ್ಟು ತನ್ನ ಬೆರಳುಗಳನ್ನೇ ತಿರುವಿ ತಿರುವಿ ನೋಡುತ್ತ ಕೂತಳು. ತಲೆಗೆ ಹೊಕ್ಕದ್ದನ್ನು ಸುಮ್ಮನೆ ಬಿಡುವ ಸ್ವಭಾವ ಆಕೆಯದಲ್ಲ. ವರ್ಷಗಟ್ಟಲೆ ಗುದ್ದಾಡಿ ಆ ಪ್ರಶ್ನೆಯನ್ನು ಒಂದು ಯಂತ್ರವನ್ನಾಗಿ ಮಾಡಿಯೇ ಬಿಟ್ಟಳು. ಅದಕ್ಕೆ ಬಿದ್ದ ಹೆಸರು ಜರಡಿ.

ಜರಡಿ ಬೇಕಾದದ್ದೂ ಸುಮ್ಮನೆ ಅಲ್ಲ. ಕಾಗದದ ಕಾಲದಲ್ಲಿ ಗೂಂಡಾಗಳು ಮತಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಿದ್ದರು. ಗುಂಡಿಯ ಯಂತ್ರ ಬಂದಮೇಲೆ ಪೆಟ್ಟಿಗೆ ಹೊರುವವರು ಮಾಯವಾದರು, ಒಳಗೆ ಏನು ನಡೆಯಿತೋ ಯಾರಿಗೆ ಗೊತ್ತು ಎಂದು ಸೋತವರು ಹಲುಬುವುದು ಶುರುವಾಯಿತು. ಕೊನೆಗೆ ಮನೆಮನೆಗೂ ಅಂಗೈಯಗಲದ ಮತಗನ್ನಡಿ ಬಂತು. ಕೂತಲ್ಲೇ ಬೆರಳೊತ್ತಿದರೆ ಮತ ಬಿತ್ತು. ಎಲ್ಲರಿಗೂ ಹಾಯೆನಿಸಿತು. ಆದರೆ ಮತಗಟ್ಟೆಯ ಜೊತೆಗೆ ಅದರ ರಟ್ಟಿನ ಮರೆಯೂ ಹೋಯಿತಲ್ಲ! ಮತ ಹಾಕುವವರ ಬೆನ್ನ ಹಿಂದೆ ಗಂಡನೋ ಮಾಲೀಕನೋ ಓಣಿಯ ಪುಢಾರಿಯೋ ನಿಂತು ಇಣುಕಬಹುದಾಯಿತು.

ಇದಕ್ಕೆ ಶಾಂಭವಿ ಹುಡುಕಿದ ಮದ್ದು ಹೀಗಿತ್ತು. ಹೆಸರು ನೋಂದಾಯಿಸುವಾಗ ಮತದಾರ ಒಬ್ಬನೇ ಪರದೆಯೊಳಗೆ ಹೋಗಿ ತನಗಿಷ್ಟವಾದ ಒಂದು ಬೆರಳನ್ನು ಗಾಜಿನ ಮೇಲೆ ಒತ್ತಬೇಕು. ಅದೇ ಅವನ ನಿಜದ ಬೆರಳು. ಯಾವುದೆಂದು ಪರದೆಯ ಹೊರಗಿನ ಅಧಿಕಾರಿಗೂ ಗೊತ್ತಾಗುವುದಿಲ್ಲ. ಮುಂದೆ ಮತದಾನದ ವಾರದಲ್ಲಿ ಯಾವ ಬೆರಳಿನಿಂದ ಒತ್ತಿದರೂ ಕನ್ನಡಿಯಲ್ಲಿ ಅದೇ ಹಸಿರು ದೀಪ, ಅದೇ ಧನ್ಯವಾದ. ಎಣಿಕೆಯ ದಿನ ಮಾತ್ರ ಸುಳ್ಳು ಬೆರಳಿನ ಮತಗಳು ಜರಡಿಯ ಮೇಲುಳಿದು, ನಿಜದ ಬೆರಳಿನ ಕೊನೆಯ ಮತವಷ್ಟೇ ಕೆಳಗಿಳಿಯುತ್ತದೆ. ಈ ಸೋಸಾಟವೆಲ್ಲ ಬೀಗ ಹಾಕಿದ ಡಬ್ಬಿಯೊಳಗೇ ನಡೆಯುವುದರಿಂದ ಯಾರ ಮತ ಯಾರಿಗೆ ಎಂಬುದು ಜರಡಿ ಕಟ್ಟಿದವಳಿಗೂ ಕಾಣುವುದಿಲ್ಲ. ಬೆದರಿಸುವವನ ಎದುರು ಸುಳ್ಳು ಬೆರಳು ಒತ್ತು, ಅವನು ಹೋದಮೇಲೆ ನಿಜದ್ದು ಒತ್ತು. ಇಷ್ಟೇ.

ಮೊದಲ ಪರೀಕ್ಷೆಗೆ ಸರ್ಕಾರ ಆರಿಸಿದ್ದು ಚಿಂಚಳ್ಳಿ ಪುರಸಭೆಯ ಅಧ್ಯಕ್ಷಗಿರಿಯ ಚುನಾವಣೆಯನ್ನು. ಇಲ್ಲಿ ಗೆದ್ದರೆ ಮುಂದಿನ ವರ್ಷ ಇಡೀ ರಾಜ್ಯಕ್ಕೆ ಜರಡಿ. ಚಿಂಚಳ್ಳಿಯೆಂದರೆ ಬೀಡಿ ಕಟ್ಟುವವರ ಊರು. ಓಣಿಗಟ್ಟಲೆ ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಅವರಿಗೆಲ್ಲ ಎಲೆ, ತಂಬಾಕು ಕೊಟ್ಟು ಬೀಡಿ ತೆಗೆದುಕೊಳ್ಳುವ ಗುತ್ತಿಗೆ ಒಬ್ಬರೇ ಒಬ್ಬರದು, ಅಪ್ಪಾಸಾಬ ಸಾವ್ಕಾರರದು. ಅವರೇ ಉಮೇದುವಾರರು. ಎದುರಿಗೆ ನಿಂತವಳು ಬೀಡಿ ಕಟ್ಟಿಯೇ ಬೆಳೆದ ಸಕ್ಕೂಬಾಯಿ.

ಸಾವ್ಕಾರರೂ ಕಡಿಮೆಯವರಲ್ಲ. ಒಂದು ಬೆರಳು ಮೋಸ ಮಾಡುತ್ತದೆ ಎಂದು ತಿಳಿದ ಕೂಡಲೇ, ಹಾಗಾದರೆ ಹತ್ತೂ ಒತ್ತಿಸಿದರಾಯಿತು ಎಂದರು. ಮತದಾನದ ಕೊನೆಯ ಮಧ್ಯಾಹ್ನ ಬೀಡಿ ಕೊಡಲು ಬಂದ ಹೆಂಗಸರನ್ನೆಲ್ಲ ಗೋದಾಮಿನಲ್ಲಿ ಕೂಡಿಸಿ, ಒಬ್ಬೊಬ್ಬರ ಹತ್ತೂ ಬೆರಳನ್ನು ತಮ್ಮ ಗುರುತಿಗೆ ಒತ್ತಿಸಿ, ಮತದಾನ ಮುಗಿಯುವವರೆಗೂ ಬಾಗಿಲು ತೆರೆಯಲಿಲ್ಲ. ದೂರು ಕೊಡಲು ಒಬ್ಬರೂ ಬರಲಿಲ್ಲ. ಬೆಳಗಾವಿಯ ನಿಯಂತ್ರಣ ಕೊಠಡಿಯಲ್ಲಿ ಈ ಸುದ್ದಿ ಕೇಳಿದ ಶಾಂಭವಿ, ಇಷ್ಟು ಸರಳ ಉಪಾಯ ತನಗೇ ಯಾಕೆ ಹೊಳೆಯಲಿಲ್ಲ ಎಂದು ಬಾಲ ಸುಟ್ಟ ಬೆಕ್ಕಿನಂತೆ ಕೊಠಡಿಯ ತುಂಬ ಓಡಾಡಿದಳು.

ಎಣಿಕೆಯ ಬೆಳಗ್ಗೆ ಜರಡಿ ಬೇರೆಯದೇ ಕಥೆ ಹೇಳಿತು. ಸಕ್ಕೂಬಾಯಿ ಮುಂದಿದ್ದಳು. ಬಹಳವೇ ಮುಂದಿದ್ದಳು.

ಶಾಂಭವಿಗೆ ಕುಣಿಯಬೇಕೆನಿಸಿತು. ಹೇಗೆ ಸಾಧ್ಯವಾಯಿತೋ, ಅಂತೂ ಸಾಧ್ಯವಾಗಿದೆಯಲ್ಲ! ಅಷ್ಟರಲ್ಲಿ ಗಣಕದ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಹತ್ತಿಕೊಂಡಿತು. ರಬ್ಬರಿನ ನಕಲಿ ಬೆರಳುಗಳನ್ನು ಹಿಡಿಯಲೆಂದು ಜರಡಿಯಲ್ಲಿ ಒಂದು ಭಾಗವಿತ್ತು, ಅದರ ಕೂಗು ಇದು. ‘ಚರ್ಮ ಜೀವಂತ. ಗೆರೆಗಳು ಬೆರಳಿನವಲ್ಲ. ಬಿಸಿ ಕಡಿಮೆ.’ ಕೆಳಗಿಳಿದ ಮತಗಳಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಇಂಥವೇ. ಅವನ್ನು ಬಿಟ್ಟು ಎಣಿಸಿದರೆ ಸಾವ್ಕಾರರು ಗೆಲ್ಲುತ್ತಿದ್ದರು. ಅಂದರೆ ಬೆರಳಲ್ಲದ ಆ ಬೆರಳುಗಳು, ಯಾವುದೋ ಒಂದೆರಡು ಬಿಟ್ಟರೆ, ಎಲ್ಲವೂ ಸಕ್ಕೂಬಾಯಿಗೇ ಒತ್ತಿದ್ದವು.

ಎಣಿಕೆ ನೋಡಲು ಎರಡೂ ಕಡೆಯವರು ಕೊಠಡಿಗೇ ಬಂದಿದ್ದರು. ಸಾವ್ಕಾರರ ಕಡೆಯ ವಕೀಲ ಹುದ್ದಾರ ಕುರ್ಚಿಯಿಂದ ಎದ್ದೇಬಿಟ್ಟ. “ರಬ್ಬರ್ ಬೆರಳ್ರಿ ಇವು! ನೋಂದಣಿ ಟೈಮಿಗೇ ಈ ಸಕ್ಕೂಬಾಯಿ ಹಂಚ್ಯಾಳ. ಇದು ಚುನಾವಣೆ ಅಲ್ಲ, ಕಳ್ಳತನ. ಅಕಿ ಮ್ಯಾಲೆ ಕೇಸ್ ಹಾಕ್ರಿ ಮೊದಲ.”

“ರಬ್ಬರಾ?” ಸಕ್ಕೂಬಾಯಿ ಕೂತಲ್ಲಿಂದಲೇ ಅಂದಳು. “ನಮ್ಮ ಓಣ್ಯಾಗ ಕಾಲಾಗಿನ ಚಪ್ಪಲಿಗೂ ಗಟ್ಟಿ ರಬ್ಬರಿಲ್ಲರಿ ವಕೀಲಸಾಹೇಬ್ರ.” ಅಂದವಳೇ, ಏನೋ ನೆನಪಾದವಳಂತೆ ಬಾಯಿ ಮುಚ್ಚಿ, ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ಚುನಾವಣಾಧಿಕಾರಿ ಕೆಂಭಾವಿ ಒಳ್ಳೆಯ ಮನುಷ್ಯ. ಒಳ್ಳೆಯತನಕ್ಕಿಂತ ಸ್ವಲ್ಪ ಹೆಚ್ಚಾಗಿ ಹೆದರುಪುಕ್ಕಲ. ಶಾಂಭವಿಯನ್ನು ಪಕ್ಕದ ಕೋಣೆಗೆ ಕರೆದು ಹಣೆ ಒರೆಸಿಕೊಂಡರು. “ನೋಡ್ರಿ ಮೇಡಂ, ನಿಯಮದಾಗ ಮೂರ ದಾರಿ ಅದಾವ. ಸಂಶಯದ ಮತಗಳನ್ನ ತೆಗದು ಹಾಕೂದು ಒಂದು. ಇಲ್ಲಾ, ನಾನು, ನ್ಯಾಯಾಧೀಶರು, ನೀವು, ಮೂವರೂ ನಮ್ಮ ನಮ್ಮ ಕೀಲಿ ಹಾಕಿ ಡಬ್ಬಿ ತೆಗದು, ಆ ಮತ ಹಾಕಿದವ್ರ ಹೆಸರು ನೋಡಿ, ಒಬ್ಬೊಬ್ಬರನ್ನ ಕರೆಸಿ ಪರೀಕ್ಷಾ ಮಾಡೂದು.”

“ಮೂರನೇದು?”

“ಅದನ್ನ ಯಾರೂ ಬಳಸಂಗಿಲ್ಲ ಬಿಡ್ರಿ.” ಅವರು ನಕ್ಕರು. “ಯಂತ್ರ ಕಟ್ಟಿದವ್ರೇ, ನನ್ನ ಯಂತ್ರ ನಂಬಬ್ಯಾಡ್ರಿ ಅಂತ ಬರದು ಕೊಡಬೇಕು. ಆಗ ಡಬ್ಬಿ ಒಳಗಿಂದೆಲ್ಲ ಅಳಿಸಿ, ಕಾಗದದ ಮ್ಯಾಲೆ ಮರುಮತದಾನ. ನಾಳೆ ಸಂಜಿ ತನಕ ಟೈಮ್ ಐತಿ. ನಮ್ಮದೇನು ತಪ್ಪಿಲ್ಲ ಅಂದಮ್ಯಾಲೆ ಡಬ್ಬಿ ತೆಗಿಯೂದೇ ಛಲೋ ಅನಸ್ತೈತಿ ನನಗ. ಹುದ್ದಾರರೂ ಅದನ್ನೇ ಕೇಳಾಕತ್ತಾರ.”

ಶಾಂಭವಿಗೂ ಅದೇ ಸರಿಯೆನಿಸಿತು. ಕಳ್ಳರಿದ್ದರೆ ಸಿಗಲಿ. ಆದರೆ ಮನಸ್ಸು ಮಾತ್ರ ಒಂದು ಕಡೆ ನಿಲ್ಲಲೊಲ್ಲದು. ಜೀವಂತ ಚರ್ಮ ಎಂದು ಜರಡಿಯೇ ಹೇಳುತ್ತಿದೆ. ಜೀವಂತ ರಬ್ಬರನ್ನು ಎಲ್ಲಾದರೂ ಕಂಡವರುಂಟೆ? ಕೋಣೆಯಲ್ಲಿ ಕೂರಲಾಗದೆ ಮಧ್ಯಾಹ್ನದ ಊಟಕ್ಕೆಂದು ಮನೆಗೆ ಹೊರಟಳು.

ಮನೆಯಲ್ಲಿದ್ದವಳು ಅತ್ತೆ ಲಗಮವ್ವ ಒಬ್ಬಳೇ. ಶಾಂಭವಿಯ ಗಂಡ ರೈಲು ಓಡಿಸುವವನು, ಮನೆಗಿಂತ ಮೀರಜ್ ಲೈನಿನಲ್ಲೇ ಅವನ ಸಂಸಾರ ಹೆಚ್ಚು. ಲಗಮವ್ವ ಚಿಂಚಳ್ಳಿಯವಳು. ಬೀಡಿ ಕಟ್ಟಿ ಮಗನನ್ನು ಓದಿಸಿದವಳು. ಮಂಡಿಯ ಚಿಕಿತ್ಸೆಗೆಂದು ಬೆಳಗಾವಿಗೆ ಬಂದಿದ್ದಳು, ನಡೆಯಲು ಬಂದ ದಿನವೇ ಊರಿಗೆ ಹೋಗುತ್ತೇನೆಂದು ದಿನಾ ಬೆದರಿಸುತ್ತಿದ್ದಳು. ಅವಳ ಮತ ಇನ್ನೂ ಚಿಂಚಳ್ಳಿಯಲ್ಲೇ ಇತ್ತು. ಮತಗನ್ನಡಿಗೆ ಊರೇನು, ಬೆಳಗಾವಿಯೇನು, ಇಲ್ಲಿಂದಲೇ ಒತ್ತಿ ಮುಗಿಸಿದ್ದಳು.

ಶಾಂಭವಿ ಬಾಗಿಲು ತೆಗೆದಾಗ ಲಗಮವ್ವ ನೆಲದ ಮೇಲೆ ಕೂತು, ಒಂದು ಕಾಲು ಮುಂದೆ ಚಾಚಿ, ಕಾಲಿನ ಹೆಬ್ಬೆರಳನ್ನು ಮೊಬೈಲಿನ ಗಾಜಿನ ಮೇಲೆ ಇಟ್ಟಿದ್ದಳು. ಮೊಬೈಲು ‘ಸ್ವೀಕರಿಸಲಾಗಿದೆ’ ಎಂದಿತು. ಲಗಮವ್ವ ಅದನ್ನು ಸೆರಗಿನಿಂದ ಒರೆಸಿ ಎರಡೂ ಕಣ್ಣಿಗೆ ಒತ್ತಿಕೊಂಡಳು.

“ಅತ್ತಿ, ಏನ್ ಮಾಡಾಕತ್ತೀರಿ?”

“ಪಿಂಚಣಿಯವ್ರಿಗೆ ನಾ ಇನ್ನೂ ಸತ್ತಿಲ್ಲ ಅಂತ ಹೇಳಾಕತ್ತೀನಿ. ವರ್ಷಕ್ಕೊಮ್ಮಿ ಹೇಳಬೇಕಲ್ಲ.”

“ಕಾಲಿಂದ?”

“ಕೈಯಿಂದ ಹೇಳಿದ್ರ ಅದು ನಂಬಂಗಿಲ್ಲ.” ಲಗಮವ್ವ ಎರಡೂ ಕೈ ಮುಂದೆ ಹಿಡಿದಳು. “ನೋಡು, ಸಣ್ಣಾಕಿ ಇದ್ದಾಗಿಂದ ಎಲಿ ಉಜ್ಜಿ ಉಜ್ಜಿ ಎಲ್ಲಾ ಸವದು ಹೋಗ್ಯಾವ. ಗೆರಿ ಅನ್ನೂದು ಎಲ್ಲೈತಿ? ಕಾಲಿಂದು ಹಂಗಽ ಐತಿ ನೋಡು, ನಿನ್ನೆ ಹುಟ್ಟಿದ ಕೂಸಿನ್ಗತೆ.”

ಶಾಂಭವಿ ಚಪ್ಪಲಿ ಬಿಡುವುದನ್ನೂ ಮರೆತು ನೆಲಕ್ಕೆ ಕುಸಿದು ಕೂತಳು. “ಅತ್ತಿ, ಓಟಿಗೆ ಹೆಸರು ಹಚ್ಚಿದಾಗ ಪರದಿ ಒಳಗ ಯಾವ ಬೆರಳು ಒತ್ತಿದ್ರಿ? ಅಲ್ಲಲ್ಲ, ಯಾವುದು ಅಂತ ಹೇಳಬ್ಯಾಡ್ರಿ. ಕೈಯಿಂದೋ ಕಾಲಿಂದೋ ಅಷ್ಟ ಹೇಳ್ರಿ.”

ಲಗಮವ್ವನ ಮುಖ ಸಣ್ಣದಾಯಿತು. “ಯಾಕ? ತಪ್ಪೇನು? ಹಿಡದು ಒಳಗ ಹಾಕ್ತಾರೇನು?” ಸೊಸೆ ಇನ್ನಷ್ಟು ಹತ್ತಿರ ಸರಿದದ್ದನ್ನು ಕಂಡು ಮೆಲ್ಲಗೆ ಮುಂದುವರಿಸಿದಳು. “ಎಷ್ಟ್ ಒತ್ತಿದ್ರೂ ಆ ಗಾಜು ಮತ್ತೊಮ್ಮಿ ಒತ್ತು, ಮತ್ತೊಮ್ಮಿ ಒತ್ತು ಅಂತಿತ್ತು. ಹೊರಗ ಪಾಳೇದಾಗ ನಿಂತವ್ರು ಬೈಯಾಕತ್ತಿದ್ರು. ನನ್ನ ಮುಂದ ಹೋದಾಕಿ ನಮ್ಮ ತಂಗಿ ಮಲ್ಲವ್ವ. ಅಕಿ ಹೊರಗ ಬಂದು ಕಿವ್ಯಾಗ ಹೇಳಿದ್ಲು, ಅಕ್ಕಾ, ಕಾಲು ತೊಳಕೊಂಡು ಹೋಗು ಅಂತ. ಅಕಿಗೆ ಅಕಿ ಮುಂದಿನಾಕಿ ಹೇಳಿದ್ಲಂತ. ಮೊದಲ ಯಾರು ಇಟ್ರೋ ದೇವರಿಗೇ ಗೊತ್ತು. ನೀರಿನ ಕೊಡ ತರಿಸಿ ಎಲ್ಲಾರೂ ಕಾಲು ತೊಳಕೊಂಡ್ವಿ. ಓಟಿಗೆ ಕಾಲು ಹಚ್ಚೂದು ಅಂದ್ರ ಛೇ ಅನಸ್ತು. ಕೈ ಮುಗದು ತಪ್ಪಾತು ಅಂದು ಬಂದೆ.”

ಶಾಂಭವಿಗೆ ನಗು ಬಂತು. ತಡೆಯಲಾರದ ನಗು. ಗಾಜಿಗೆ ಗೆರೆ ಬೇಕು, ಜೀವ ಬೇಕು ಎಂದು ತಾನೇ ಬರೆದಿದ್ದಳು. ಕೈಯದೇ ಆಗಿರಬೇಕೆಂದು ಬರೆಯಬೇಕೆಂಬ ಯೋಚನೆಯೇ ಬಂದಿರಲಿಲ್ಲ. ಪರದೆಯೊಳಗೆ ಯಾರೂ ಇಣುಕದಂತೆ ಮಾಡಿದವಳೂ ತಾನೇ. ಸಾವ್ಕಾರರು ಗೋದಾಮಿನ ಬಾಗಿಲು ಹಾಕಿ ಹತ್ತು ಬೆರಳು ಒತ್ತಿಸುತ್ತಿದ್ದಾಗ ಹನ್ನೊಂದನೆಯದು ಅದಕ್ಕೂ ಮೊದಲೇ ಮನೆಯಲ್ಲಿ ತನ್ನ ಮತ ಒತ್ತಿ ಮುಗಿಸಿ, ಅವರ ಕಣ್ಣೆದುರೇ ಚಪ್ಪಲಿಯೊಳಗೆ ತಣ್ಣಗೆ ಕೂತಿತ್ತು!

“ಅತ್ತಿ, ನೀವೆಲ್ಲಾರೂ ಗೆದ್ದೀರಿ!” ಎಂದವಳೇ ಕೆಂಭಾವಿಯವರಿಗೆ ಹೇಳಲು ಮೊಬೈಲು ತೆಗೆದಳು. ಕರೆಯ ಗುರುತಿನ ಮೇಲೆ ಬೆರಳು ಇಡುವಷ್ಟರಲ್ಲಿ ಹುದ್ದಾರನ ಮುಖ ಕಣ್ಣ ಮುಂದೆ ಬಂತು. ಬೆರಳು ಅಲ್ಲೇ ನಿಂತಿತು.

ಕಾಲಿನ ಬೆರಳು ಎಂದು ತಾನು ಹೇಳುತ್ತಾಳೆ. ಯಾಕೆ ಕಾಲು ಎಂದು ಅವರು ಕೇಳುತ್ತಾರೆ. ಕೈಬೆರಳು ಸವೆದಿವೆ ಎನ್ನಬೇಕಾಗುತ್ತದೆ. ಚಿಂಚಳ್ಳಿಯಲ್ಲಿ ಕೈಬೆರಳು ಸವೆದವರು ಯಾರು? ಬೀಡಿ ಕಟ್ಟುವ ಹೆಂಗಸರು. ಆ ಮತಗಳೆಲ್ಲ ಯಾರಿಗೆ ಬಿದ್ದಿವೆ? ಅವನ್ನು ಸೇರಿಸಿದ್ದು, ಬಿಟ್ಟದ್ದು, ಎರಡೂ ಎಣಿಕೆಯನ್ನು ಹುದ್ದಾರ ತನ್ನ ಕಣ್ಣಿಂದಲೇ ನೋಡಿದ್ದಾನೆ. ಒಂದು ಹೆಸರೂ ಬೇಡ, ಡಬ್ಬಿ ತೆರೆಯುವುದೂ ಬೇಡ. ಕಾಲು ಎಂಬ ಒಂದೇ ಮಾತು ಸಾಕು, ನಾಳೆ ಬೆಳಗಾಗುವುದರೊಳಗೆ ಸಾವ್ಕಾರರಿಗೆ ತಮ್ಮ ಎಲೆ ತಿಂದು ತಮಗೆ ತಿರುಗಿಬಿದ್ದ ಓಣಿಗಳು ಯಾವುವು ಎಂದು ಗೊತ್ತಾಗುತ್ತದೆ.

“ಅತ್ತಿ, ಸಾವ್ಕಾರರಿಗೆ ಇದು ಗೊತ್ತಾದ್ರ?”

“ಎಲಿ ನಿಲ್ಲಸ್ತಾನ,” ಎಂದಳು ಲಗಮವ್ವ. “ಎಲಿ ನಿಂತ್ರ ಒಲಿ ನಿಂತಂಗ. ಮಲ್ಲವ್ವನ ಗಂಡ ಹಾಸಿಗಿ ಹಿಡದಾನ. ಅಕಿ ಏನ್ ಮಾಡ್ಯಾಳು?” ಆಮೇಲೆ ಸಿಡುಕಿನಿಂದ ಅಂದಳು, “ಮತ್ತ ಎಲ್ಲಾರೂ ಸಕ್ಕೂಬಾಯಿಗೇ ಹಾಕ್ಯಾರ ಅಂತ ಹ್ಯಾಂಗ ಹೇಳ್ತಿ? ಅಕಿ ಪರಕಾರ ತೊಟ್ಟ ಸಣ್ಣ ಹುಡಿಗಿ ಇದ್ದಾಗಿಂದ ನನಗ ಸೇರೂದಿಲ್ಲ. ಭಾಳ ಮಾತಿನಾಕಿ.”

ಮರುದಿನ ಮುಂಜಾನೆ ಶಾಂಭವಿ ಚಿಂಚಳ್ಳಿಯ ಬಸ್ಸು ಹತ್ತಿದಳು. ಬೇಡವೆಂದರೂ ಲಗಮವ್ವ ಕೋಲು ಊರುತ್ತ ಜೊತೆಗೆ ಬಂದಳು. ಊರು ಹತ್ತಿರವಾದಂತೆ ತಂಬಾಕಿನ ಘಾಟು ಬಸ್ಸಿನೊಳಗೇ ಬಂದು ಮೂಗು ಹಿಡಿಯಿತು. ಮಲ್ಲವ್ವನ ಮನೆಯ ಪಡಸಾಲೆಯಲ್ಲಿ ಆರೇಳು ಹೆಂಗಸರು ಮೊರ ಇಟ್ಟುಕೊಂಡು ಕೂತಿದ್ದರು. ಕೈಗಳು ತಮ್ಮಷ್ಟಕ್ಕೆ ತಾವೇ ಎಲೆ ಸುತ್ತುತ್ತಿದ್ದವು. ಹೊರಗೆ ಸಾವ್ಕಾರರ ಗುಮಾಸ್ತ ಬೈಕಿನ ಮೇಲೆ ಕೂತು ಕೂಗುತ್ತಿದ್ದ.

“ನಾಳಿಂದ ಬೀಡಿ ಕೊಡಾಕ ಬರೂ ಮುಂದ ಎರಡೂ ಕೈ ತೋರಿಸಿ ಒಳಗ ಬರಬೇಕು. ಯಾರ ಕೈಯಾಗ ರಬ್ಬರ್ ಬೆರಳ ಐತೋ ಅವ್ರ ಮನಿಗೆ ಎಲಿ ಬಂದ್! ಇವತ್ತ ಸಂಜಿಕ ಬೆಳಗಾವ್ಯಾಗ ಡಬ್ಬಿ ತೆಗಿತಾರ. ಹೆಸರಿಗೆ ಹೆಸರು ಸಿಗತಾವ!”

ಪಡಸಾಲೆಯ ಹೆಂಗಸರು ತಲೆ ಎತ್ತಲಿಲ್ಲ. ಆದರೆ ಶಾಂಭವಿ ನೋಡಿದಳು, ಒಬ್ಬೊಬ್ಬರ ಕಾಲೂ ಸದ್ದಿಲ್ಲದೆ ಮೊರದ ಕೆಳಗೆ ಸರಿಯಿತು.

ಗುಮಾಸ್ತ ಹೋದಮೇಲೆ ಮಲ್ಲವ್ವ ಕೇಳಿದಳು, “ಆ ಯಂತ್ರ ಕಟ್ಟಿದಾಕಿ ನೀನಽ ಅಂತಲ್ಲವ್ವಾ. ಅದು ನನ್ನ ಹೆಸರು ಹೇಳತೈತೇನು?”

ಸುಳ್ಳು ಹೇಳಬಹುದಿತ್ತು. ಶಾಂಭವಿಗೆ ನಾಲಗೆ ಹೊರಳಲಿಲ್ಲ. “ಮೂರು ಕೀಲಿ ಹಾಕಿ ತೆಗದ್ರ ಹೇಳತೈತ್ರಿ, ಚಿಗವ್ವ.”

“ಹಂಗಾರ ಪರದಿ ಯಾಕ ಕಟ್ಟಿದ್ದಿ?”

ಮಲ್ಲವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ಉತ್ತರಕ್ಕೆ ಕಾಯುತ್ತಲೇ ಆಕೆ ಇನ್ನೊಂದು ಎಲೆ ತೆಗೆದುಕೊಂಡಳು. ನಕಲಿ ಮತ ಹಾಕಿದ ಕಳ್ಳರನ್ನು ಹಿಡಿಯಲು ಒಂದು ದಾರಿ ಇರಲಿ ಎಂದು ಆ ಕೀಲಿಗಳನ್ನು ಇಟ್ಟದ್ದು ಎಂದು ಶಾಂಭವಿ ಹೇಳಬೇಕೆಂದುಕೊಂಡಳು. ಎಷ್ಟು ಒಳ್ಳೆಯ ಕಾರಣ! ಆ ಪಡಸಾಲೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು.

ವಾಪಸು ಬರುವ ಬಸ್ಸಿನಲ್ಲಿ ಲಗಮವ್ವ ಹಳೆಯದನ್ನು ತೆಗೆದಳು. ಕಾಗದದ ಓಟಿನ ಕಾಲದಲ್ಲಿ ತಾನು ಮತಗಟ್ಟೆಗೆ ಹೋಗುವುದರೊಳಗೆ ತನ್ನ ಹೆಸರಿನಲ್ಲಿ ಯಾರೋ ಮತಪತ್ರಕ್ಕೆ ಮುದ್ರೆಯ ಸಿಕ್ಕೆ ಒತ್ತಿ ಹೋಗಿದ್ದರಂತೆ. “ಯಾರೋ ಅಂದ್ರ ಏನು, ಇದಽ ಅಪ್ಪಾಸಾಬನ ಅಪ್ಪನ ಕಡಿಯವ್ರು. ಊರೆಲ್ಲಾ ಕಣ್ಣೀಲೆ ನೋಡಿತ್ತು. ಹೆಂಗಸ್ರೆಲ್ಲಾ ಕೂಡಿ ಹೋಗಿ ಜಗಳಾ ತಗದು ಮತ್ತೊಮ್ಮಿ ಓಟ ಮಾಡಿಸಿದ್ವಿ. ಕಾಗದಾನೂ ಕದೀತಾರ ತಗೋ, ಕದಿಯಂಗಿಲ್ಲ ಅಂತಲ್ಲ. ಆದ್ರ ಕದ್ದಿದ್ದು ನಮಗ ಕಾಣತಿತ್ತು.”

ಶಾಂಭವಿ ಕಿಟಕಿಯ ಆಚೆ ನೋಡುತ್ತ ಕೂತಳು. ಕಾಲು ಒಂದೇ ಸಮನೆ ಅಲುಗುತ್ತಿತ್ತು. ಆ ಮತಗಳನ್ನು ತೆಗೆದುಹಾಕಿದರೆ ಇಷ್ಟು ಹೆಂಗಸರ ಮತ ಮಣ್ಣುಪಾಲು, ಸಕ್ಕೂಬಾಯಿಗೆ ಜೈಲು. ಡಬ್ಬಿ ತೆರೆದರೆ ಹೆಸರು ಬಯಲು. ಉಳಿಸಿಕೊಳ್ಳಬೇಕೆಂದರೆ ಕಾಲಿನ ಮಾತು ಹೇಳಲೇಬೇಕು. ಹೇಳಿದರೂ ಅವರೇ ಬಯಲು. ಇನ್ನುಳಿದದ್ದು ಯಾರೂ ಬಳಸದ ಆ ಮೂರನೆಯ ದಾರಿ. ಅದರಲ್ಲಿ ಬಯಲಾಗುವವಳು ತಾನೊಬ್ಬಳೇ. ಅಳು ಬಂತು. ಜರಡಿಯನ್ನು ಆಕೆ ಮಗುವಿನ ಹಾಗೆ ಬೆಳೆಸಿದ್ದಳು, ಅದರಲ್ಲಿ ಮುಚ್ಚಿಡುವಂಥದ್ದೇನಿದೆ? ಲಗಮವ್ವ ತನ್ನ ಸೆರಗಿನ ತುದಿಯನ್ನು ಸೊಸೆಯ ಕೈಗೆ ಕೊಟ್ಟು ಆಚೆ ತಿರುಗಿಕೊಂಡಳು.

ನಿಯಂತ್ರಣ ಕೊಠಡಿಯಲ್ಲಿ ನ್ಯಾಯಾಧೀಶರು ಬಂದು ಕೂತಾಗಿತ್ತು. ಮೇಜಿನ ಮೇಲೆ ಅವರದೊಂದು ಕೀಲಿ, ಕೆಂಭಾವಿಯವರದೊಂದು. ಹುದ್ದಾರ ಗಡಿಯಾರ ನೋಡುತ್ತಿದ್ದ. ಶಾಂಭವಿ ತನ್ನ ಕೀಲಿಯನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಒಂದು ಬಿಳಿ ಹಾಳೆ ಕೇಳಿ, ನಿಂತುಕೊಂಡೇ ಬರೆದಳು: ನಿಜವಾದ ಮತ ಯಾವುದು, ಅಲ್ಲದ್ದು ಯಾವುದು ಎಂದು ನನ್ನ ಯಂತ್ರ ಹೇಳಲಾರದು. ಅದನ್ನು ನಂಬಬೇಡಿ.

ಕೆಂಭಾವಿ ಅದನ್ನು ಎರಡೆರಡು ಸಲ ಓದಿದರು. “ಮೇಡಂ, ಏನಿದು? ಮುಂದಿನ ವರ್ಷ ರಾಜ್ಯಕ್ಕೆಲ್ಲಾ… ಹಿಂಗ ಅಂತ ಒಂದು ಕಾರಣ ಆದ್ರೂ ಹೇಳ್ರಿ. ಎಲ್ಲಿ ಕೆಟ್ಟೈತಿ?”

“ಹೇಳಾಕ ಬರಂಗಿಲ್ಲ ಸರ್.”

“ಗೊತ್ತಿಲ್ಲ ಅಂತಾನೋ, ಹೇಳಂಗಿಲ್ಲ ಅಂತಾನೋ?”

ಶಾಂಭವಿ ಹಾಳೆಯನ್ನು ತಿರುಗಿ ತೆಗೆದುಕೊಂಡು ಕೆಳಗೆ ಸಹಿ ಹಾಕಿದಳು. ಹುದ್ದಾರ ಮೇಜು ಬಡಿದ. ಕಳ್ಳರನ್ನು ಉಳಿಸುವ ಆಟ ಇದು, ಈಕೆಯ ಅತ್ತೆ ಅದೇ ಊರಿನವಳು ಎಂದ. ಅದು ನಿಜವೇ ಆಗಿದ್ದರಿಂದ ಮುಖಕ್ಕೆ ಹೊಡೆದಂತಾಯಿತು. ನ್ಯಾಯಾಧೀಶರು ಕನ್ನಡಕ ತೆಗೆದು ಆಕೆಯನ್ನೇ ದಿಟ್ಟಿಸಿ, ಯಂತ್ರ ಕಟ್ಟಿದವರು ಗಡುವಿನೊಳಗೆ ಯಾವಾಗ ಬೇಕಾದರೂ ಹೀಗೆ ಬರೆದುಕೊಡಬಹುದು, ನಿಯಮದಲ್ಲಿ ಕಾರಣ ಕೇಳಿಲ್ಲ ಎಂದರು. ಇನ್ನು ಮುಂದೆ ನೀವು ಯಾವ ಚುನಾವಣೆಯ ಕೆಲಸಕ್ಕೂ ಬರುವಂತಿಲ್ಲ ಎಂದೂ ಸೇರಿಸಿದರು.

ಎಲ್ಲವನ್ನೂ ಅಳಿಸುವ ಆಜ್ಞೆಗೆ ಅವಳ ಬೆರಳೇ ಬೇಕಿತ್ತು. ಗಾಜಿನ ಮೇಲೆ ಇಟ್ಟಳು. ಹಸಿರು ದೀಪ ಹತ್ತಿತು, ಧನ್ಯವಾದ ಎಂದಿತು. ಒಳಗಿದ್ದ ಕೈಕಾಲುಗಳ ಗುರುತುಗಳೆಲ್ಲ ಹೋದವು.

ತಿಂಗಳಾಗುವುದರೊಳಗೆ ಚಿಂಚಳ್ಳಿಯ ಸರ್ಕಾರಿ ಶಾಲೆಯಲ್ಲಿ ಕಾಗದದ ಮತದಾನ ನಡೆಯಿತು. ಹಳೆಯ ಉಗ್ರಾಣಗಳಿಂದ ತಗಡಿನ ಪೆಟ್ಟಿಗೆಗಳನ್ನು ಹುಡುಕಿ ತಂದು ತುಕ್ಕು ತಿಕ್ಕಿದ್ದರು. ರಟ್ಟಿನ ಮರೆಗಳನ್ನು ಹೊಸದಾಗಿ ಕತ್ತರಿಸಿದ್ದರು. ಒಳಗೆ ಒಬ್ಬರೇ ಹೋಗಬೇಕು. ಮೊಬೈಲು ಹೊರಗೆ ಬಿಡಬೇಕು. ಎಲ್ಲರಿಗೂ ಒಂದೇ ಸಿಕ್ಕೆ, ಒಂದೇ ಮಸಿ. ಕೈ ಸವೆದವರು, ಸವೆಯದವರು ಎಂಬ ಭೇದ ಆ ಮರದ ಸಿಕ್ಕೆಗೆ ಗೊತ್ತೇ ಇರಲಿಲ್ಲ.

ಶಾಂಭವಿ ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಈಗ ಅವಳು ಬರೀ ಲಗಮವ್ವನ ಸೊಸೆ. ಆದರೂ ಒಂದು ಕ್ಷಣ ನೆಮ್ಮದಿಯಿಲ್ಲ. ಪೆಟ್ಟಿಗೆಗೆ ನೀರು ಸುರಿದರೆ? ಎತ್ತಿಕೊಂಡು ಓಡಿದರೆ? ಬದಲಾಯಿಸಿದರೆ? ತನ್ನ ಯಂತ್ರದಲ್ಲಿ ಇಂಥ ಎಷ್ಟು ದಾರಿಗಳನ್ನು ಒಂದೊಂದಾಗಿ ಮುಚ್ಚಿದ್ದಳು! ಇಲ್ಲಿ ಎಲ್ಲ ಬಾಗಿಲೂ ತೆರೆದೇ ಇದ್ದವು. ಸಾವ್ಕಾರರ ಕಡೆಯ ಗಟ್ಟಿ ಆಳುಗಳು ಬೈಕುಗಳ ಮೇಲೆ ಕೂತು ಪೆಟ್ಟಿಗೆಯ ಕೋಣೆಯನ್ನೇ ನೋಡುತ್ತಿದ್ದರು.

ಮತ ಹಾಕಿ ಬಂದ ಹೆಂಗಸರು ಮನೆಗೆ ಹೋಗಲಿಲ್ಲ. ಮಲ್ಲವ್ವ ಮೊದಲು ಬಂದು ಆ ಕೋಣೆಯ ಬಾಗಿಲಿನ ಎದುರು ಕೂತು ಮಡಿಲಿಗೆ ಮೊರ ಎಳೆದುಕೊಂಡಳು. ಆಮೇಲೆ ಇನ್ನೊಬ್ಬಳು. ಸಂಜೆಯ ಹೊತ್ತಿಗೆ ಶಾಲೆಯ ಪಡಸಾಲೆ, ಅಂಗಳ ಎಲ್ಲ ಬೀಡಿ ಕಟ್ಟುವವರೇ. ಕಾಲಿಡಲು ಜಾಗವಿಲ್ಲ. ಯಾರನ್ನೂ ಯಾರೂ ತಡೆಯಲಿಲ್ಲ, ಆದರೆ ಅವರನ್ನು ದಾಟಿ ಆ ಬಾಗಿಲಿಗೆ ಹೋಗಬೇಕೆಂದರೆ ಎಷ್ಟೋ ಮೊರಗಳನ್ನು ತುಳಿದೇ ಹೋಗಬೇಕಿತ್ತು. ಗುಮಾಸ್ತ ಬಂದು, ಇಲ್ಲೇನು ಕೆಲಸ ನಿಮಗೆ ಎಂದು ಗದರಿದ. “ನಿಮ್ಮ ಎಲೀನಽ ಕಟ್ಟಾಕತ್ತೀವಲ್ಲೋ ತಮ್ಮಾ,” ಎಂದಳು ಲಗಮವ್ವ. ಸುತ್ತಲಿನವರು ಮುಖ ಎತ್ತದೆ ನಕ್ಕರು.

ಎಣಿಕೆ ಅಲ್ಲೇ, ತೆರೆದ ಬಾಗಿಲಿನಲ್ಲಿ, ಅಂದೇ ನಡೆಯಿತು. ಪೆಟ್ಟಿಗೆ ಬೋರಲು ಹಾಕಿದಾಗ ಮಡಚಿದ ಕಾಗದಗಳು ಮೇಜಿನ ಮೇಲೆ ರಾಶಿ ಬಿದ್ದವು. ಒಂದೊಂದನ್ನೂ ಬಿಡಿಸಿ ಎತ್ತಿ ಹಿಡಿದು ತೋರಿಸಿದರು. ಓದು ಬಾರದವರಿಗೂ ಗುರುತು ಕಾಣುತ್ತಿತ್ತು. ಸಕ್ಕೂಬಾಯಿಯ ಕಟ್ಟು ಏರುತ್ತ ಹೋಯಿತು. ಅಪ್ಪಾಸಾಬ ಸಾವ್ಕಾರರು ಮೇಜಿನ ಎದುರೇ ಕೂತಿದ್ದರು. ಸೋಲು ಖಚಿತವಾದಾಗ ಅವರು ಎದುರಾಳಿಯ ಕಟ್ಟಿನಿಂದ ಒಂದು ಕಾಗದ ಕೇಳಿ ಪಡೆದು, ಹಿಂದೆ ಮುಂದೆ ತಿರುವಿ ನೋಡಿದರು. ಬೆಳಕಿಗೆ ಹಿಡಿದರು. ಮೂಸಿಯೂ ನೋಡಿದರು. ಊರಿಗೆ ಊರೇ ತಂಬಾಕು ನಾರುವ ಚಿಂಚಳ್ಳಿಯಲ್ಲಿ ಆ ಕಾಗದವೂ ತಂಬಾಕೇ ನಾರಿತು. ದುಂಡನೆಯ ಸಿಕ್ಕೆ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ.

ಅವರು ಎದ್ದು ಹೊರಗೆ ಬಂದು, ಅಂಗಳದ ತುಂಬ ತಲೆ ತಗ್ಗಿಸಿ ಬೀಡಿ ಕಟ್ಟುತ್ತಿದ್ದ ಹೆಂಗಸರನ್ನು ಒಂದು ಕಡೆಯಿಂದ ನೋಡುತ್ತ ನಿಂತರು. ಬೈಕಿನ ಆಳುಗಳಲ್ಲಿ ಒಬ್ಬನ ಹೆಂಡತಿ, ಇನ್ನೊಬ್ಬನ ಅತ್ತಿಗೆ ಕೂಡ ಅಲ್ಲೇ ಕೂತಿದ್ದರು. ಬಹಳ ಹೊತ್ತು ನೋಡಿದರು. ಕೊನೆಗೆ ಗುಮಾಸ್ತ ಹತ್ತಿರ ಬಂದು ನಾಳೆಯ ಎಲೆಯ ವಿಷಯ ಕೇಳಿದ.

“ಕೊಡು,” ಎಂದರು ಸಾವ್ಕಾರರು. “ಎಲ್ಲಾರಿಗೂ ಕೊಡು. ಮತ್ತೇನ್ ಮಾಡ್ತಿ?”

ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಅತ್ತೆ ಸೊಸೆಗೆ ಒಂದೇ ಸೀಟು ಸಿಕ್ಕಿತು. ಲಗಮವ್ವ ಎಡಗೈ ತೋರುಬೆರಳಿನ ಮಸಿಯನ್ನು ಆಗಾಗ ನೋಡಿಕೊಳ್ಳುತ್ತಿದ್ದಳು. ಮಂಡಿ ನೋಯುತ್ತಿತ್ತೋ ಏನೋ, ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಮಡಚಿ ಇಟ್ಟುಕೊಂಡಿದ್ದಳು. ಶಾಂಭವಿಗೆ ಎಷ್ಟೋ ದಿನದ ಮೇಲೆ ಮೈ ಹಗುರಾಗಿತ್ತು. ಅದೇ ಹುರುಪಿನಲ್ಲಿ ಅತ್ತೆಯ ಕಿವಿಯ ಹತ್ತಿರ ಬಾಗಿದಳು.

“ಅತ್ತಿ, ನಿಮಗ ಸಕ್ಕೂಬಾಯಿ ಸೇರೂದಿಲ್ಲಲ್ಲ. ಖರೇ ಹೇಳ್ರಿ, ಯಾರಿಗೆ ಹಾಕಿದ್ರಿ?”

ಲಗಮವ್ವ ಸೊಸೆಯ ಮುಖವನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದಳು. ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

“ಸಾವ್ಕಾರಗ ಹೇಳಲಿಲ್ಲ,” ಎಂದಳು. “ನಿನಗ ಹೇಳಲೇನು?”

ಹಾಗೆಂದು ಕಿಟಕಿಯ ಕಡೆ ತಿರುಗಿ, ಸೆರಗು ಹೊದ್ದು ನಿದ್ದೆ ಹೋದಳು.